ಇಟ್ಟಿಗೆ ಜೋಡಿಸಿದ ಕೈ ಮತ್ತು ದೋಣಿಯ ಹುಟ್ಟು

ಕಳೆದ ವಾರ ರಾತ್ರಿ ಹಿಚ್‌ಕಾಕನ 'ರಿಯರ್ ವಿಂಡೋ' ಸಿನಿಮಾ ನೋಡ್ತಾ ಕೂತಿದ್ದೆ. ಮುಗಿದ ಮೇಲೆ ನಾಯಕಿ ಗ್ರೇಸ್ ಕೆಲ್ಲಿ ಬಗ್ಗೆ ಹುಡುಕೋಕೆ ಹೋಗಿ, ರಾತ್ರಿ ಎರಡು ಗಂಟೆಗೆ ಎಲ್ಲಿಗೆ ಬಂದು ಮುಟ್ಟಿದೆ ಗೊತ್ತಾ? 1920ರಲ್ಲಿ ಬೆಲ್ಜಿಯಂನ ಒಂದು ಕಾಲುವೆಯಲ್ಲಿ ನಡೆದ ದೋಣಿ ಸ್ಪರ್ಧೆಗೆ! (ಆವತ್ತು ಮುಗಿಸಬೇಕಿದ್ದ ಕೆಲಸ ಇನ್ನೂ ಹಾಗೇ ಇದೆ. ನಮ್ಮ ಮ್ಯಾನೇಜರಿಗೆ ಹೇಳಬೇಡಿ :))

ಆ ಸ್ಪರ್ಧೆ ಗೆದ್ದವನು ಗ್ರೇಸಳ ಅಪ್ಪ, ಜಾಕ್ ಕೆಲ್ಲಿ. ಹುಟ್ಟಿದ್ದು 1889ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಐರ್ಲೆಂಡಿನಿಂದ ವಲಸೆ ಬಂದ ದೊಡ್ಡ ಸಂಸಾರ. ಹುಡುಗ ಕಲಿತದ್ದು ಇಟ್ಟಿಗೆ ಕಟ್ಟೋ ಕೆಲಸ, ಅಂದ್ರೆ ನಮ್ಮ ಕಡೆ ಗಾರೆ ಕೆಲಸ ಅಂತೀವಲ್ಲ, ಅದೇ. ಬಿಡುವು ಸಿಕ್ಕಾಗ ಊರಿನ ನದಿಯಲ್ಲಿ ದೋಣಿ. ಎರಡೂ ಕೈಗೆ ಒಂದೊಂದು ಹುಟ್ಟು ಹಿಡಿದು ಒಬ್ಬನೇ ನಡೆಸೋ ಸಪೂರ ದೋಣಿಯ ಆಟಕ್ಕೆ 'ಸಿಂಗಲ್ ಸ್ಕಲ್ಸ್' ಅಂತಾರೆ. ಅದರಲ್ಲಿ ಅವನು ಅಮೆರಿಕದ ಚಾಂಪಿಯನ್ ಆದ.

ಆ ಕಾಲದಲ್ಲಿ ಈ ಆಟದ ದೇವಸ್ಥಾನ ಅಂದ್ರೆ ಇಂಗ್ಲೆಂಡಿನ ಹೆನ್ಲಿ. ಥೇಮ್ಸ್ ನದಿಯ ಮೇಲೆ ಪ್ರತಿ ಬೇಸಿಗೆಯಲ್ಲಿ ನಡೆಯೋ ಜಾತ್ರೆ. ಒಬ್ಬಂಟಿ ದೋಣಿಯವರಿಗೆ ಅಲ್ಲಿನ 'ಡೈಮಂಡ್ ಸ್ಕಲ್ಸ್' ಗೆಲ್ಲೋದೇ ಕನಸು. 1920ರಲ್ಲಿ ಕೆಲ್ಲಿಯೂ ಅರ್ಜಿ ಹಾಕಿದ. ಹೊರಡುವ ತಯಾರಿಯಲ್ಲಿದ್ದಾಗ ಸುದ್ದಿ ಬಂತು: ಅರ್ಜಿ ತಿರಸ್ಕೃತ.

ಯಾಕೆ? ಸಾಮಾನ್ಯವಾಗಿ ಹೇಳೋ ಕಥೆ ಒಂದೇ ಸಾಲಿನದು, 'ಗಾರೆ ಕೆಲಸದವನು ಅಂತ ಬಿಡಲಿಲ್ಲ'. ನನಗೂ ಮೊದಲು ಅಷ್ಟೇ ಸಿಕ್ಕಿದ್ದು. ಆದರೆ ಹೆನ್ಲಿ ಸಮಿತಿಯ ನಡಾವಳಿಯಲ್ಲಿ ಎರಡು ಕಾರಣ ಇವೆ. ಸಾಫ್ಟ್‌ವೇರಿನವರಿಗೆ ಇದು ಹೊಸದೇನಲ್ಲ, ಒಂದು ಬಗ್ ಹಿಂದೆ ಹೋದ್ರೆ ಇನ್ನೊಂದು ಕೂತಿರುತ್ತೆ...

ಮೊದಲನೆಯದು ಅವನ ಕ್ಲಬ್ಬು. ಫಿಲಡೆಲ್ಫಿಯಾದ ವೆಸ್ಪರ್ ಬೋಟ್ ಕ್ಲಬ್ಬಿನ ತಂಡ 1905ರಲ್ಲಿ ಹೆನ್ಲಿಗೆ ಬಂದು ಸೋತು ಹೋಗಿತ್ತು. ಅವರ ಖರ್ಚಿಗೆ ಊರವರಿಂದ ಚಂದಾ ಎತ್ತಿದ್ದು ಆಮೇಲೆ ಗೊತ್ತಾಯ್ತು. ದುಡ್ಡು ಮುಟ್ಟಿದವರು ಹವ್ಯಾಸಿಗಳಲ್ಲ ಅಂತ, ವೆಸ್ಪರ್ ಕ್ಲಬ್ಬಿನ ಅರ್ಜಿ ಇನ್ನು ಮುಂದೆ ತಗೋಬಾರದು ಅಂತ 1906ರ ಜೂನಿನಲ್ಲಿ ತೀರ್ಮಾನ ಮಾಡಿದರು. 1905ರಲ್ಲಿ ಕೆಲ್ಲಿಗೆ ಹದಿನಾರೂ ತುಂಬಿರಲಿಲ್ಲ! ಯಾರೋ ಮಾಡಿದ್ದಕ್ಕೆ ಇವನಿಗೆ ಹದಿನೈದು ವರ್ಷ ಆದ ಮೇಲೆ ದಂಡ.

ಎರಡನೆಯದು ನಿಯಮ. ಕೂಲಿಗಾಗಿ ಮೆಕ್ಯಾನಿಕ್, ಕುಶಲಕರ್ಮಿ ಅಥವಾ ಕೂಲಿಯಾಳಾಗಿ ಯಾವತ್ತಾದರೂ ದುಡಿದವನು ಹವ್ಯಾಸಿ ಅಲ್ಲ. 'ಯಾವತ್ತಾದರೂ' ಅನ್ನೋದನ್ನ ಗಮನಿಸಿ. ದೋಣಿ ನಡೆಸಿ ದುಡ್ಡು ಮಾಡಿರಬೇಕು ಅಂತೇನಿಲ್ಲ, ಕರಣೆ ಹಿಡಿದಿದ್ದರೂ ಸಾಕು. ಮೈ ಬಗ್ಗಿಸಿ ದುಡಿಯುವವರ ತೋಳಿಗೆ ಹೆಚ್ಚು ಬಲ ಬಂದಿರುತ್ತೆ, ಅದು ಅನ್ಯಾಯ ಅನ್ನೋದು ಒಂದು ಸಮರ್ಥನೆ. ನನಗಂತೂ ಇದು ಸಬೂಬು ಅನ್ನಿಸುತ್ತೆ. ಆಫೀಸಿನ ಕುರ್ಚಿಯಲ್ಲಿ ಕೂತವನಿಗೆ ಅಭ್ಯಾಸಕ್ಕೆ ಸಿಗೋ ಬಿಡುವನ್ನ ಯಾರೂ ಲೆಕ್ಕ ಹಾಕಲಿಲ್ಲವಲ್ಲ?

ನಮ್ಮ ತಾತ ಗಾರೆ ಮೇಸ್ತ್ರಿ ಆಗಿದ್ದರು. ಸುಣ್ಣ ಸಿಮೆಂಟು ತಿಂದು ಅವರ ಬೆರಳ ತುದಿ ಒಡೆದಿರುತ್ತಿತ್ತು. ಮದುವೆ ಮನೆಗೆ ಹೋದಾಗ ಪಂಚೆಯ ಮಡಿಕೆಯಲ್ಲಿ ಕೈ ಮುಚ್ಚಿಕೊಂಡು ಕೂರುತ್ತಿದ್ದರು. ಈ ನಿಯಮ ಓದಿದಾಗ ನೆನಪಾಗಿದ್ದು ಆ ಕೈ.

ಸರಿ, ಕಾಲುವೆಗೆ ಬರೋಣ. ಅದೇ ವರ್ಷ ಡೈಮಂಡ್ ಸ್ಕಲ್ಸ್ ಗೆದ್ದವನು ಇಂಗ್ಲೆಂಡಿನ ಜಾಕ್ ಬೆರೆಸ್‌ಫರ್ಡ್. ಇಪ್ಪತ್ತೊಂದರ ಹುಡುಗ, ಯುದ್ಧದಲ್ಲಿ ಕಾಲಿಗೆ ಗಾಯವಾಗಿತ್ತು. ಆಂಟ್‌ವರ್ಪ್ ಒಲಿಂಪಿಕ್ಸಿನ ದೋಣಿ ಸ್ಪರ್ಧೆ ನಡೆದದ್ದು ಬ್ರಸೆಲ್ಸ್ ಹತ್ತಿರದ ವಿಲ್ವೋರ್ಡೆಯ ಕಾಲುವೆಯಲ್ಲಿ. ದಡದ ತುಂಬ ಕಾರ್ಖಾನೆಗಳು. ಹೆನ್ಲಿಯ ಹುಲ್ಲುಹಾಸು, ಟೋಪಿ, ಛತ್ರಿ ಏನೂ ಇಲ್ಲ. ಆಗಸ್ಟ್ 29, ಫೈನಲ್. ಒಂದು ಕಡೆ ಕೆಲ್ಲಿ, ಇನ್ನೊಂದು ಕಡೆ ಬೆರೆಸ್‌ಫರ್ಡ್. 2000 ಮೀಟರ್ ಮುಗಿದಾಗ ಕೆಲ್ಲಿಯ ಸಮಯ 7 ನಿಮಿಷ 35 ಸೆಕೆಂಡು, ಬೆರೆಸ್‌ಫರ್ಡನದು 7 ನಿಮಿಷ 36 ಸೆಕೆಂಡು. ಒಂದೇ ಸೆಕೆಂಡು! ಇಬ್ಬರಿಗೂ ಕೈ ಕುಲುಕೋಕೂ ತ್ರಾಣ ಇರಲಿಲ್ಲವಂತೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೆಲ್ಲಿ ಮತ್ತೆ ನೀರಿಗಿಳಿದು, ಪಾಲ್ ಕಾಸ್ಟೆಲ್ಲೊ ಜೊತೆ ಇಬ್ಬರ ದೋಣಿಯಲ್ಲೂ ಚಿನ್ನ ಗೆದ್ದ.

ಗೆದ್ದ ಮೇಲೆ ಬೆವರಿನ ಟೋಪಿಯನ್ನ ಇಂಗ್ಲೆಂಡಿನ ರಾಜನಿಗೆ ಪಾರ್ಸೆಲ್ ಮಾಡಿದ ಅಂತ ಒಂದು ಕಥೆ ಇದೆ. ನಾನು ಕಥೆ ಅಂತಲೇ ಇಟ್ಕೊಂಡಿದ್ದೀನಿ, ಆದ್ರೂ ಚೆನ್ನಾಗಿದೆ :)

ಬೆರೆಸ್‌ಫರ್ಡನನ್ನ ಖಳನಾಯಕ ಮಾಡಬೇಡಿ. ನಿಯಮ ಬರೆದವನು ಅವನಲ್ಲ, ಮತ್ತು ಅವನು ಅಸಾಧ್ಯ ಆಟಗಾರ. 1920ರಿಂದ 1936ರವರೆಗೆ ಸತತ ಐದು ಒಲಿಂಪಿಕ್ಸಿನಲ್ಲಿ ಪದಕ, ಅದರಲ್ಲಿ ಮೂರು ಚಿನ್ನ.

ನಿಯಮ ಮಾತ್ರ ಇನ್ನೂ ಹದಿನೇಳು ವರ್ಷ ಉಳಿಯಿತು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಹೊರಟ ಆಸ್ಟ್ರೇಲಿಯಾದ ತಂಡ ಹೆನ್ಲಿಯಲ್ಲಿ ಆಡಬೇಕು ಅಂತ ಬಂತು. ಆ ತಂಡದವರು ಪೊಲೀಸರು. ಅವರಿಗೂ ಬಾಗಿಲು ಹಾಕಿದರು! ಪೊಲೀಸು ಕೆಲಸವೂ ಕೂಲಿ ಅಂತೆ. ಆ ಗಲಾಟೆಯ ನಂತರ 1937ರಲ್ಲಿ ಕೂಲಿಯವರ ಮಾತು ನಿಯಮದಿಂದ ಹೋಯಿತು.

ಅಷ್ಟರಲ್ಲಿ ಕೆಲ್ಲಿ ಸ್ವಂತ ಇಟ್ಟಿಗೆ ಕಂಟ್ರಾಕ್ಟಿನಲ್ಲಿ ಭಾರೀ ಶ್ರೀಮಂತನಾಗಿದ್ದ. ಆದ್ರೆ ಡೈಮಂಡ್ ಸ್ಕಲ್ಸಿನ ಸಿಟ್ಟು ಹೋಗಿರಲಿಲ್ಲ ಅಂತ ಕಾಣುತ್ತೆ. ಅಪ್ಪನ ಹೆಸರನ್ನೇ ಇಟ್ಟುಕೊಂಡಿದ್ದ ಮಗನ ಕೈಗೆ ಚಿಕ್ಕಂದಿನಲ್ಲೇ ಹುಟ್ಟು ಕೊಟ್ಟ. ಮಗ 1947ರಲ್ಲಿ ಡೈಮಂಡ್ ಸ್ಕಲ್ಸ್ ಗೆದ್ದ, 1949ರಲ್ಲಿ ಇನ್ನೊಮ್ಮೆ ಗೆದ್ದ.

ಅಪ್ಪ 1960ರಲ್ಲಿ ತೀರಿಕೊಂಡ. 1981ರಲ್ಲಿ ಹೆನ್ಲಿಯವರು ಬಹುಮಾನ ಹಂಚೋಕೆ ಮೊನಾಕೋದ ರಾಜಕುಮಾರಿಯನ್ನ ಕರೆಸಿದ್ದರು. ಅವಳೇ ಗ್ರೇಸ್ ಕೆಲ್ಲಿ.