ಆಂಗ್ಲ ಶ್ರಮಜೀವಿಗಳ ವಂಶಾನ್ವೇಷಣೆ

ನಮ್ಮ ನಾಡಿನ ಹಳ್ಳಿಗಳಲ್ಲಿ ಹೆಳವರನ್ನು ಅರಿಯದ ಹಿರಿಯರು ವಿರಳ. ಎತ್ತಿನೊಡನೆ ಮನೆಯ ಮುಂದೆ ಬಂದು ನಿಂತು, ಆ ಮನೆತನದ ಮೂಲಸ್ಥಳ ಯಾವುದು, ಮೂಲಪುರುಷ ಯಾರು, ಅವನ ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲಿ ಹರಡಿಕೊಂಡರು ಎಂಬುದನ್ನು ತಡವರಿಸದೆ ಹೇಳುವ ಅವರ ಸ್ಮರಣಶಕ್ತಿ ಸೋಜಿಗವನ್ನುಂಟುಮಾಡುವಂಥದು. ಅರಸರಿಗೆ ಶಿಲಾಶಾಸನಗಳಿದ್ದಂತೆ ಒಕ್ಕಲುಮಕ್ಕಳಿಗೆ ಹೆಳವರಿದ್ದರು.

ಇಂಗ್ಲೆಂಡಿನ ಬಡವರಿಗೆ ಇಂಥ ಹೆಳವರಿರಲಿಲ್ಲ. ಅಲ್ಲಿಯ ಶ್ರೀಮಂತರ ವಂಶಲಾಂಛನಗಳನ್ನೂ ವಂಶಾವಳಿಗಳನ್ನೂ ಕಾಪಾಡಲು 1484ರಷ್ಟು ಹಿಂದೆಯೇ ರಾಜಾಜ್ಞೆಯಿಂದ ಒಂದು ಸಂಸ್ಥೆ ಲಂಡನ್ನಿನಲ್ಲಿ ಸ್ಥಾಪಿತವಾಗಿತ್ತು. ಆದರೆ ಗಿರಣಿಯಲ್ಲಿ ನೂಲು ತೆಗೆದವಳಿಗೆ, ಗಣಿಯಲ್ಲಿ ಕಲ್ಲಿದ್ದಲು ಕಡಿದವನಿಗೆ, ಪರರ ಹೊಲದಲ್ಲಿ ಕೂಲಿಮಾಡಿ ಸವೆದವನಿಗೆ ವಂಶಾವಳಿ ಬರೆಯುವವರು ಯಾರು? ಅವರಿಗೆ ಆಸ್ತಿಯಿರಲಿಲ್ಲ, ಉಯಿಲು ಇರಲಿಲ್ಲ, ಬಹುಮಂದಿಗೆ ಗೋರಿಯ ಮೇಲೊಂದು ಕಲ್ಲೂ ಇರಲಿಲ್ಲ. ಹೀಗಿದ್ದೂ ಇಂದು ಆ ದೇಶದ ಸಾಮಾನ್ಯ ಜನರು ತಮ್ಮ ಮುತ್ತಜ್ಜ ಮುತ್ತಜ್ಜಿಯರ ಬಾಳನ್ನು ಹುಡುಕಿ ತೆಗೆಯುತ್ತಿದ್ದಾರೆ. ಇದು ಹೇಗೆ ಸಾಧ್ಯವಾಯಿತು, ಹುಡುಕಿದವರಿಗೆ ದೊರೆತುದೇನು ಎಂಬುದು ವಿಚಾರಮಾಡತಕ್ಕ ವಿಷಯ.

ಪ್ರತಿಯೊಬ್ಬನಿಗೂ ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಆ ಎಂಟು ಹೆಸರುಗಳನ್ನು ನೆನಪಿನಿಂದ ಹೇಳಬಲ್ಲವರು ಯಾವ ದೇಶದಲ್ಲಿಯೂ ಕಡಿಮೆ. ಇಂಗ್ಲೆಂಡಿನ ಅನ್ವೇಷಕನು ಮೊದಲು ಮನೆಯ ವೃದ್ಧರನ್ನು ಕೇಳುತ್ತಾನೆ. ಆಮೇಲೆ ಸರಕಾರದ ದಫ್ತರಗಳತ್ತ ನಡೆಯುತ್ತಾನೆ. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಜನನ, ವಿವಾಹ, ಮರಣಗಳ ಸರಕಾರಿ ನೋಂದಣಿ 1837ರ ಜುಲೈ 1ರಿಂದ ಪ್ರಾರಂಭವಾಯಿತು. ಜನನಪತ್ರದಲ್ಲಿ ತಾಯಿಯ ತವರಿನ ಮನೆತನದ ಹೆಸರೂ ತಂದೆಯ ಉದ್ಯೋಗವೂ ಇರುತ್ತವೆ. ವಿವಾಹಪತ್ರದಲ್ಲಿ ವಧೂವರರಿಬ್ಬರ ತಂದೆಯರ ಹೆಸರು ಮತ್ತು ಉದ್ಯೋಗ ದೊರೆಯುತ್ತವೆ. ಹೀಗೆ ಒಂದು ಪತ್ರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದಂತೆ ತಲೆಮಾರಿನಿಂದ ತಲೆಮಾರಿಗೆ ಏರಬಹುದು. 1837ಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚುಗಳ ಪುಸ್ತಕಗಳೇ ಗತಿ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿಯೊಂದು ಪ್ಯಾರಿಷ್ ಚರ್ಚು ದೀಕ್ಷಾಸ್ನಾನ, ವಿವಾಹ, ಸಮಾಧಿಗಳನ್ನು ಬರೆದಿಡಬೇಕಾಯಿತು.

ಈ ವಿವಾಹಪುಸ್ತಕಗಳನ್ನು ತೆರೆದವರ ಮನಸ್ಸನ್ನು ಮೊದಲು ತಟ್ಟುವುದು ಹೆಸರಲ್ಲ, ಒಂದು ಗುರುತು. 1754ರಿಂದ ವಧೂವರರು ಪುಸ್ತಕದಲ್ಲಿ ರುಜು ಮಾಡಬೇಕೆಂಬ ವಿಧಿಯಿತ್ತು. ಅಕ್ಷರ ಬಾರದವರು ಎರಡು ಗೀಟುಗಳನ್ನು ಅಡ್ಡಲಾಗಿ ಎಳೆದು ಕತ್ತರಿಯಾಕಾರದ ಗುರುತು ಹಾಕುತ್ತಿದ್ದರು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ. 1840ರ ಸುಮಾರಿನಲ್ಲಿ ಇಂಗ್ಲೆಂಡಿನ ವರರಲ್ಲಿ ಮೂರನೆಯ ಒಂದು ಭಾಗ, ವಧುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೀಗೆ ಗುರುತು ಹಾಕಿದವರು. ಜಗತ್ತಿನ ಅತ್ಯಂತ ಸಂಪದ್ಭರಿತ ಸಾಮ್ರಾಜ್ಯದ ಹೃದಯದಲ್ಲಿಯೇ ಇದ್ದ ಸ್ಥಿತಿಯಿದು. 1870ರ ಶಿಕ್ಷಣ ಶಾಸನ, 1880ರ ಕಡ್ಡಾಯ ಹಾಜರಿಯ ಶಾಸನ, ಇವುಗಳ ಫಲವಾಗಿ ಶತಮಾನದ ಅಂತ್ಯಕ್ಕೆ ಆ ಗುರುತು ಬಹುಮಟ್ಟಿಗೆ ಮರೆಯಾಯಿತು. ಮುತ್ತಜ್ಜಿ ಗುರುತು ಹಾಕಿದ ಪುಟವನ್ನೂ ಅವಳ ಮಗಳು ಅಂಕುಡೊಂಕಾಗಿ ಹೆಸರು ಬರೆದ ಪುಟವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಒಂದು ಕುಟುಂಬ ಕತ್ತಲೆಯಿಂದ ಬೆಳಕಿಗೆ ಇಟ್ಟ ಹೆಜ್ಜೆ ಕಣ್ಣಿಗೆ ಕಟ್ಟುತ್ತದೆ.

ಎರಡನೆಯ ಆಕರ ಜನಗಣತಿ. ಅಲ್ಲಿ 1801ರಿಂದ ಹತ್ತು ವರುಷಗಳಿಗೊಮ್ಮೆ ಗಣತಿ ನಡೆಯುತ್ತ ಬಂದಿದ್ದರೂ ದೇಶದಾದ್ಯಂತ ವ್ಯಕ್ತಿಗಳ ಹೆಸರುಗಳು ಕ್ರಮವಾಗಿ ಉಳಿದಿರುವುದು 1841ರಿಂದ. ಆ ವರುಷ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ಸೂಚನೆಯಿತ್ತು. 1851ರಿಂದ ನಿಜವಯಸ್ಸು, ಹುಟ್ಟಿದ ಊರು, ಯಜಮಾನನೊಡನಿರುವ ಸಂಬಂಧ ಎಲ್ಲವೂ ದಾಖಲಾದವು. ಗಣತಿಯ ಹಾಳೆಗಳನ್ನು ನೂರು ವರುಷಗಳವರೆಗೆ ಗುಪ್ತವಾಗಿಡುವುದು ಅಲ್ಲಿಯ ಕ್ರಮ. 1921ರ ಗಣತಿ 2022ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. 1931ರದು ಮಾತ್ರ 1942ರಲ್ಲಿ ಬೆಂಕಿಗೆ ಆಹುತಿಯಾಯಿತು; 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ.

ಇವೆಲ್ಲವುಗಳಲ್ಲಿ 1911ರ ಗಣತಿ ವಿಶೇಷವಾದುದು. ಗಣತಿಯ ಕಾರಕೂನರ ಪ್ರತಿಯ ಬದಲು ಕುಟುಂಬದವರೇ ತುಂಬಿಕೊಟ್ಟ ಹಾಳೆಗಳು ಅದರಲ್ಲಿ ಉಳಿದಿವೆ. ಅನ್ವೇಷಕನಿಗೆ ಮುತ್ತಜ್ಜನ ಕೈಬರಹವೇ ದೊರೆಯಬಹುದು. ವಿವಾಹವಾಗಿ ಎಷ್ಟು ವರುಷ, ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು ಎಂದು ಆ ವರುಷ ಕೇಳಲಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 150 ಶಿಶುಗಳು ವರುಷ ತುಂಬುವ ಮೊದಲೇ ಅಳಿಯುತ್ತಿದ್ದವು. ಆ ಹಾಳೆಯ ಮೂರು ಅಂಕಿಗಳಲ್ಲಿ ಒಬ್ಬ ತಾಯಿಯ ಇಡೀ ಸಂಕಟ ಅಡಗಿರುತ್ತದೆ. ಮನೆಯಲ್ಲಿ ಯಾರೂ ಎಂದೂ ಹೆಸರೆತ್ತದ ಮಕ್ಕಳ ಇರವು ಎಷ್ಟೋ ಕುಟುಂಬಗಳಿಗೆ ತಿಳಿದುಬಂದುದು ಆ ಹಾಳೆಯಿಂದಲೇ.

ಉದಾಹರಣೆಗಾಗಿ ಲ್ಯಾಂಕಶೈರಿನ ಅರಳೆಗಿರಣಿಗಳ ಸೀಮೆಯನ್ನು ತೆಗೆದುಕೊಳ್ಳೋಣ. 1844ರ ಶಾಸನದಂತೆ ಎಂಟರಿಂದ ಹದಿಮೂರು ವಯಸ್ಸಿನ ಮಕ್ಕಳು ಅರ್ಧದಿನ ಗಿರಣಿಯಲ್ಲಿ ದುಡಿದು ಅರ್ಧದಿನ ಶಾಲೆಗೆ ಹೋಗಬಹುದಾಗಿತ್ತು. ಗಣತಿಯ ಪುಸ್ತಕಗಳಲ್ಲಿ ಇಂಥ ಮಕ್ಕಳ ಹೆಸರಿನ ಮುಂದೆ ‘ಅರ್ಧಕಾಲದ ಕೆಲಸಗಾರ’ ಎಂಬ ನಮೂದನ್ನು ಕಾಣುತ್ತೇವೆ. ಮುಂದೆ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡ ಆನಿ ಕೆನಿ 1879ರಲ್ಲಿ ಓಲ್ಡ್‌ಹ್ಯಾಮಿನ ಬಳಿ ಹುಟ್ಟಿದವಳು. ಹತ್ತನೆಯ ವಯಸ್ಸಿಗೆ ಗಿರಣಿ ಸೇರಿ, ಯಂತ್ರಕ್ಕೆ ಸಿಲುಕಿ ಒಂದು ಬೆರಳನ್ನು ಕಳೆದುಕೊಂಡವಳು. ಅವಳ ಬಾಳು ಲೋಕಕ್ಕೆ ತಿಳಿಯಿತು. ಅವಳಂತೆಯೇ ದುಡಿದ ಸಾವಿರಾರು ಬಾಲಿಕೆಯರ ಬಾಳು ಗಣತಿಯ ಒಂದೊಂದು ಸಾಲಿನಲ್ಲಿ ಮಾತ್ರ ಉಳಿದಿದೆ. ಮಗ್ಗಗಳ ಭೋರ್ಗರೆತದಲ್ಲಿ ಮಾತು ಕೇಳಿಸದ ಕಾರಣ ನೇಕಾರ ಹೆಂಗಸರು ತುಟಿಯ ಚಲನೆಯಿಂದಲೇ ಸಂಭಾಷಿಸುತ್ತಿದ್ದರು. ಲಾಳಿಯ ರಂಧ್ರದಲ್ಲಿ ನೂಲನ್ನು ಬಾಯಿಂದ ಎಳೆದುಕೊಳ್ಳುತ್ತಿದ್ದರು. ಅರಳೆಯ ಧೂಳಿನಿಂದ ಶ್ವಾಸಕೋಶ ಕೆಡಿಸಿಕೊಂಡವರೂ ಇದ್ದರು. ಮರಣಪತ್ರದಲ್ಲಿ ಬರೆದ ಎದೆಯ ರೋಗದ ಹೆಸರನ್ನು ಉದ್ಯೋಗದ ಕಲಮಿನೊಡನೆ ಹೊಂದಿಸಿ ಓದಿದವನಿಗೆ ಆ ಸಾವಿನ ಕಾರಣ ಒಮ್ಮೊಮ್ಮೆ ಅರಿವಾಗುತ್ತದೆ.

ಇಲ್ಲಿ ನಮ್ಮ ನಾಡಿನ ನೂಲೂ ಈ ಕಥೆಯಲ್ಲಿ ಸೇರಿಕೊಳ್ಳುತ್ತದೆ. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಶೈರಿಗೆ ಬರುತ್ತಿದ್ದ ಅರಳೆಯ ಬಹುಭಾಗ ನಿಂತುಹೋಯಿತು. 1862ರ ಚಳಿಗಾಲದಲ್ಲಿ ಸುಮಾರು 5 ಲಕ್ಷ ಜನ ಪರಿಹಾರದ ಅನ್ನಕ್ಕೆ ಕೈಯೊಡ್ಡಬೇಕಾಯಿತು. ಆಗ ಅಲ್ಲಿಯ ಗಿರಣಿಗಳು ಭಾರತದ ಹತ್ತಿಯತ್ತ ತಿರುಗಿದವು. 1840ರ ದಶಕದಲ್ಲಿ ಅಮೇರಿಕದ ಬೀಜದಿಂದ ನಮ್ಮ ಎರೆಭೂಮಿಯಲ್ಲಿ ಬೆಳೆಯತೊಡಗಿದ್ದ ‘ಧಾರವಾಡ-ಅಮೇರಿಕನ್’ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಅದನ್ನು ಸಾಗಿಸಲೆಂದು ಕಾರವಾರದ ಬಂದರನ್ನು ಬೆಳೆಸುವ ಯೋಜನೆ ನಡೆದು, 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಯುದ್ಧ ಮುಗಿದೊಡನೆ ಬೆಲೆ ಕುಸಿದು ನಮ್ಮ ಒಕ್ಕಲಿಗನು ಕಷ್ಟಕ್ಕೀಡಾದನು. ಅತ್ತ ಭಾರತದ ಹತ್ತಿಯ ಗಿಡ್ಡ ಎಳೆ ಪದೇಪದೇ ಹರಿದು ಆಂಗ್ಲ ನೇಕಾರ್ತಿಯ ಕೂಲಿಯೂ ಕಡಿಮೆಯಾಯಿತು. ಅದೇ ಗಿರಣಿಗಳ ಅಗ್ಗದ ಬಟ್ಟೆ ನಮ್ಮ ಕೈಮಗ್ಗಗಳ ಅನ್ನವನ್ನು ಕಸಿದುದೂ ಸತ್ಯ. ಆದರೆ ಆ ಲಾಭ ಸೇರಿದ್ದು ಎಲ್ಲಿಗೆ? ಗಣತಿಯಲ್ಲಿ ಒಂದು ಕೋಣೆಯ ಮನೆಯಲ್ಲಿ ಎಂಟು ಜನರೊಡನೆ ಬಾಳಿದ ಮುತ್ತಜ್ಜಿಗಲ್ಲ. ಆ ಹಸಿವಿನ ನಡುವೆಯೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿಯನ್ನು ಅಳಿಸಲು ಹೊರಟ ಲಿಂಕನ್ನನಿಗೆ ಬೆಂಬಲದ ಪತ್ರ ಬರೆದರು. ಮರುತಿಂಗಳು ಲಿಂಕನ್ನನು ಅವರಿಗೆ ಕೃತಜ್ಞತೆಯ ಉತ್ತರ ಕಳಿಸಿದನು. ಬಡವರ ಧರ್ಮಬುದ್ಧಿಗೆ ಇದು ನಿದರ್ಶನ.

ಇನ್ನು ಅನ್ವೇಷಕನು ಅಂಜುತ್ತ ತೆರೆಯುವ ಪುಸ್ತಕವೊಂದುಂಟು. ಅದು ‘ವರ್ಕ್‌ಹೌಸ್’ ಎಂಬ ಬಡವರ ಆಶ್ರಯಗೃಹದ ದಾಖಲೆ. 1834ರ ಶಾಸನದ ನಂತರ ದುಡಿಯಲಾರದವರು, ವಿಧವೆಯರು, ಅನಾಥರು, ವೃದ್ಧರು ಈ ಗೃಹಗಳ ಬಾಗಿಲು ತಟ್ಟಬೇಕಾಯಿತು. ಒಳಗೆ ಹೋದ ಕುಟುಂಬದ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಇರಿಸುತ್ತಿದ್ದರು. ಸಹಾಯ ಬೇಡುವವನು ನಾಚಿ ಹಿಂದೆಗೆಯಲಿ ಎಂಬುದೇ ಆ ವ್ಯವಸ್ಥೆಯ ಉದ್ದೇಶವಾಗಿತ್ತು. ಆ ಕಳಂಕ ಎಷ್ಟು ಆಳವಾಗಿತ್ತೆಂದರೆ, ಅಲ್ಲಿ ಹುಟ್ಟಿದ ಮಗು ಜೀವನವಿಡೀ ತಲೆತಗ್ಗಿಸಬಾರದೆಂದು 1904ರಿಂದ ಜನನಪತ್ರದಲ್ಲಿ ಗೃಹದ ಹೆಸರನ್ನು ಬಿಟ್ಟು ಬರಿಯ ಬೀದಿಯ ವಿಳಾಸ ಬರೆಯುವ ಪದ್ಧತಿ ಬಂತು. ಮಕ್ಕಳು ಇದನ್ನು ಮುಚ್ಚಿಟ್ಟರು. ಮೊಮ್ಮಕ್ಕಳಿಗೆ ತಿಳಿಯಲೇ ಇಲ್ಲ. ಮರಿಮಕ್ಕಳು ಇಂದು ಆ ವಿಳಾಸದ ಗುಟ್ಟನ್ನು ಬಿಡಿಸುತ್ತಿದ್ದಾರೆ.

ಈ ದಾಖಲೆಗಳನ್ನು ಬರೆದ ಕಾರಕೂನನು ಹೆಳವನಲ್ಲ. ಅವನಿಗೆ ಆ ಮನೆತನದ ಮೇಲೆ ಪ್ರೀತಿಯಿರಲಿಲ್ಲ. ಸರಕಾರ ಎಣಿಸಲೆಂದು, ತೆರಿಗೆ ಉಳಿಸಲೆಂದು, ಬಡವನನ್ನು ಅವನ ಮೂಲ ಊರಿಗೆ ಅಟ್ಟಲೆಂದು ಬರೆಸಿತು, ಅವನು ಬರೆದನು. ಆದುದರಿಂದ ಇವುಗಳನ್ನು ವಿವೇಕದಿಂದ ಓದಬೇಕು. ಕಾರಕೂನನು ಕಿವಿಗೆ ಕೇಳಿದಂತೆ ಹೆಸರನ್ನು ಬರೆಯುತ್ತಿದ್ದನಾಗಿ ಒಂದೇ ಮನೆತನದ ಹೆಸರು ಮೂರು ಬಗೆಯಾಗಿ ಕಾಣಬಹುದು. ವಯಸ್ಸು ಗಣತಿಯಿಂದ ಗಣತಿಗೆ ಹೊಂದದಿರಬಹುದು. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿರಬಹುದು. ಮನೆಯಲ್ಲಿ ಬಟ್ಟೆ ಒಗೆದು, ಹೊಲಿಗೆ ಹಾಕಿ ಸಂಸಾರ ಸಾಗಿಸಿದ ಗೃಹಿಣಿಯ ಉದ್ಯೋಗದ ಕಲಮು ಬಹುಸಲ ಬರಿದಾಗಿಯೇ ಇರುತ್ತದೆ. ಆ ಬರಿದು ಅವಳು ದುಡಿಯಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ; ದುಡಿಮೆಯನ್ನು ಕಾಣದ ಕಣ್ಣಿಗೆ ಸಾಕ್ಷಿ.

ಬಹುಕಾಲ ಇಂಗ್ಲೆಂಡಿನಲ್ಲಿಯೂ ವಂಶಶೋಧವೆಂದರೆ ತನ್ನ ಪೂರ್ವಿಕರಲ್ಲಿ ಒಬ್ಬ ಪ್ರಭುವನ್ನು ಹುಡುಕುವ ಹವ್ಯಾಸವಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೃಷ್ಟಿ ಬದಲಾಯಿತು. ಇ. ಪಿ. ಥಾಮ್ಸನ್ನರು 1963ರಲ್ಲಿ ಆಂಗ್ಲ ಕಾರ್ಮಿಕವರ್ಗದ ಉದಯವನ್ನು ಕುರಿತು ಬರೆದ ಬೃಹದ್ಗ್ರಂಥ ಸಾಮಾನ್ಯರ ಬಾಳಿಗೆ ಇತಿಹಾಸದಲ್ಲಿ ಸ್ಥಾನ ಕೊಟ್ಟಿತು. 1974ರಲ್ಲಿ ಊರೂರಿನ ಕುಟುಂಬ ಇತಿಹಾಸ ಸಂಘಗಳು ಒಂದು ಒಕ್ಕೂಟವಾಗಿ ಸೇರಿದವು. ನಿವೃತ್ತ ಕಾರ್ಮಿಕರು, ಶಿಕ್ಷಕರು, ಗೃಹಿಣಿಯರು ದಫ್ತರಗಳಲ್ಲಿ ಕುಳಿತು ಪ್ಯಾರಿಷ್ ಪುಸ್ತಕಗಳನ್ನು ಪ್ರತಿಮಾಡಿದರು. ಅವರ ನಿಸ್ವಾರ್ಥ ಶ್ರಮದ ಫಲವನ್ನು ಇಂದು ಗಣಕಯಂತ್ರದ ಮುಂದೆ ಕುಳಿತವರು ಸುಲಭವಾಗಿ ಉಣ್ಣುತ್ತಿದ್ದಾರೆ. ಪ್ರಭುವನ್ನು ಹುಡುಕಹೊರಟವರಿಗೆ ದೊರೆತವನು ಕೂಲಿಕಾರ. ಅವನ ಮುಂದೆ ಅವರು ನಾಚಲಿಲ್ಲ.

ಈ ಮಾತು ಶರಣಪರಂಪರೆಯಲ್ಲಿ ಬೆಳೆದ ನಮಗೆ ಹೊಸದಾಗಿ ತೋರಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ಸಿಂಪಿಗ, ಪಾಟರ್ ಎಂದರೆ ಕುಂಬಾರ. ಆದರೆ ಆ ಹೆಸರುಗಳು ಶತಮಾನಗಳ ಹಿಂದೆಯೇ ಹೆಪ್ಪುಗಟ್ಟಿ ಬರಿಯ ಅಡ್ಡಹೆಸರುಗಳಾಗಿ ಉಳಿದವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬವರು ತಮ್ಮ ಕಾಯಕವನ್ನು ಹೆಸರಿನ ಮುಂದೆ ಹೆಮ್ಮೆಯಿಂದ ಧರಿಸಿದರು. ಕುಲವನ್ನು ಕೇಳದೆ ಕಾಯಕವನ್ನು ಗೌರವಿಸಿದ ಆ ದೃಷ್ಟಿಯಿಂದ ನೋಡಿದರೆ, ಲ್ಯಾಂಕಶೈರಿನ ಜನನಪತ್ರದ ಉದ್ಯೋಗದ ಕಲಮು ಬರಿಯ ಕಲಮಲ್ಲ. ಆಶ್ರಯಗೃಹದಲ್ಲಿ ಕಣ್ಣುಮುಚ್ಚಿದ ಮುತ್ತಜ್ಜಿಯೂ ಕುಲಕ್ಕೆ ಕಳಂಕವಲ್ಲ. ಐವತ್ತು ವರುಷ ದುಡಿಸಿಕೊಂಡು ಕೊನೆಗೆ ಅವಳನ್ನು ಅಲ್ಲಿಗೆ ಕಳಿಸಿದ ಸಮಾಜಕ್ಕೆ ಅದು ಕಳಂಕ.

ನಮ್ಮ ಹೆಳವರ ಬರವು ವಿರಳವಾಗುತ್ತಿದೆ. ಮನೆಯ ಹಿರಿಯರ ನೆನಪೂ ಅವರೊಡನೆಯೇ ಅಸ್ತಮಿಸುತ್ತದೆ. ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರ ಹೆಸರು, ಊರು, ಅವರು ಮಾಡಿದ ಕಾಯಕ, ಇಷ್ಟನ್ನಾದರೂ ಕೇಳಿ ಒಂದು ಹಾಳೆಯಲ್ಲಿ ಬರೆದಿಡುವುದು ಯಾವ ಮನೆಗೂ ಭಾರವಾಗಲಾರದು. ಅದರಲ್ಲಿ ಸಾಲಗಾರನಿರಲಿ, ಜೀತದಾಳಿರಲಿ, ಅಕ್ಷರವರಿಯದ ಅಜ್ಜಿಯಿರಲಿ, ಮರೆಮಾಚದೆ ಬರೆಯಬೇಕು. ಅವರು ದುಡಿದುದರಿಂದಲೇ ನಾವು ಓದಬಲ್ಲವರಾಗಿದ್ದೇವೆ.