ಜಿಂಕೆ, ಗೊಬ್ಬರದ ಲಾರಿ ಮತ್ತು ನನ್ನ ಒಂದು ಅರ್ಧ ಪಾಠ

ವನ್ಯಜೀವಿ ಸಂರಕ್ಷಣೆಯ ಪಾಠ ಬಂದಾಗಲೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: ಬೇಟೆಗಾರನ ಕೋವಿಯಿಂದ ಜಿಂಕೆಗಳು ಕಡಿಮೆಯಾದವು, ಕಾನೂನು ಬಂದ ಮೇಲೆ ಉಳಿದುಕೊಂಡವು. ನನ್ನ ವಿದ್ಯಾರ್ಥಿಗಳು ಹಾಗೆಯೇ ಬರೆದು ಪೂರ್ಣ ಅಂಕವನ್ನೂ ಪಡೆದರು. ಉತ್ತರ ತಪ್ಪಲ್ಲ, ಆದರೆ ಅರ್ಧ. ಉಳಿದರ್ಧವನ್ನು ತಡವಾಗಿಯಾದರೂ ಇಲ್ಲಿ ಬರೆಯುತ್ತಿದ್ದೇನೆ.

ಬಂಡೀಪುರವನ್ನೇ ನೋಡೋಣ. ಮೈಸೂರು ಸಂಸ್ಥಾನದಲ್ಲಿ ಬೇಟೆಗೆ ಕಟ್ಟುಪಾಡು ವಿಧಿಸುವ ಕಾಯಿದೆ 1901ರಲ್ಲಿಯೇ ಬಂದಿತ್ತು. 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಮೃಗ ಉದ್ಯಾನ ಏರ್ಪಟ್ಟಿತು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1973ರ ಹುಲಿ ಯೋಜನೆ ನಿಮಗೆಲ್ಲ ಬಾಯಿಪಾಠ. ಕಾಗದದ ಮೇಲೆ ಇದು ಮೇಲೇರುವ ಮೆಟ್ಟಿಲಿನಂತೆ ಕಾಣುತ್ತದೆ.

ಆದರೆ ಚುಕ್ಕೆ ಜಿಂಕೆ ಕಾನೂನನ್ನು ಮೇಯುವುದಿಲ್ಲ, ಹುಲ್ಲನ್ನು ಮೇಯುತ್ತದೆ. ದಟ್ಟಡವಿಗಿಂತ ಕಾಡಂಚಿನ ಬಯಲು, ಹಡ್ಲುಗಳೇ ಅದಕ್ಕೆ ಪ್ರಿಯ. ಅದೇ ಹುಲ್ಲಿಗೆ ಗುಂಡ್ಲುಪೇಟೆ ಸೀಮೆಯ ಹಳ್ಳಿಗಳ ದನಗಳೂ ಬೆಳಿಗ್ಗೆ ಕಾಡಿಗೆ ಹೊಕ್ಕು ಸಂಜೆ ಮರಳುತ್ತಿದ್ದವು. ಹಾಲಿಗಾಗಿ ಸಾಕಿದ ದನಗಳಲ್ಲ ಅವು. ಎಲುಬು ಎದ್ದು ಕಾಣುವ ನಾಡತಳಿಗಳು. ಬೇಕಾಗಿದ್ದುದು ಸಗಣಿ. ಹಿಂದೆ ಅದು ಸ್ವಂತ ಹೊಲದ ರಾಗಿಗೆ, ಜೋಳಕ್ಕೆ ಹೋಗುತ್ತಿತ್ತು. ಕಾಲಕ್ರಮದಲ್ಲಿ ಗಡಿಯಾಚೆಯ ವಯನಾಡಿನ ಕಾಫಿ ತೋಟಗಳು ಅದಕ್ಕೆ ಗಿರಾಕಿಗಳಾದವು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಬೆಳೆ ಕೆಟ್ಟಿತು. ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿತು. ತೋಟದವರ ಕೈಯಲ್ಲಿ ಹಣವಾಡಿತು. ಸಗಣಿ ಮಾರುವ ಸರಕಾಯಿತು. ಈ ಸರಪಳಿಯನ್ನು ವನ್ಯಜೀವಿ ವಿಜ್ಞಾನಿ ಎಂ. ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಡಿಸಿ ತೋರಿಸಿದ್ದಾರೆ. ಅದನ್ನು ತಿಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಭೂಗೋಳಕ್ಕೊಂದು, ಇತಿಹಾಸಕ್ಕೊಂದು ನೋಟುಪುಸ್ತಕ ಇಡಿಸಿದವನು ನಾನೇ ಅಲ್ಲವೇ! ಕಾಡಿನ ಹುಲ್ಲು ದನದ ಹೊಟ್ಟೆಯ ಮೂಲಕ ಗೊಬ್ಬರವಾಗಿ ಲಾರಿ ಹತ್ತುತ್ತಿತ್ತು. ಜಿಂಕೆಯ ಪಾಲಿನ ತುತ್ತು ಒಂದೂ ಗುಂಡು ಹಾರದೆಯೇ ಕಡಿಮೆಯಾಗುತ್ತಿತ್ತು.

ದನ ತರುತ್ತಿದ್ದುದು ಹಸಿವನ್ನಷ್ಟೇ ಅಲ್ಲ. ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ 1968ರಲ್ಲಿ ಪಕ್ಕದ ಮುದುಮಲೆ ಸೀಮೆಯಲ್ಲಿ ಕಾಟಿಗಳನ್ನು ರಾಶಿರಾಶಿಯಾಗಿ ಕೊಂದಿತು.

ನೆರೆಯ ಕೆಲಸ ಯಾವಾಗಲೂ ಕೇಡೇ ಎನ್ನಲಾಗದು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಕಾಕನಕೋಟೆಯ ಕಾಡಿನ ಭಾಗ ಮುಳುಗಿತು. ಹೊಲಗಳಿಗೆ ನೀರುಣಿಸಲು ಕಟ್ಟಿದ ಆ ಜಲಾಶಯದಲ್ಲಿ ಬೇಸಗೆಯಲ್ಲಿ ನೀರು ಇಳಿದಾಗ ದಡದುದ್ದಕ್ಕೂ ಎಳೆಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿ ನಿಂತಿರುವಾಗ ಜಿಂಕೆಗಳ ಹಿಂಡುಗಳು ಅಲ್ಲಿ ಸೇರುತ್ತವೆ. ಯಾವ ಎಂಜಿನಿಯರನೂ ಜಿಂಕೆಗಾಗಿ ಹಾಕಿದ ನಕ್ಷೆಯಲ್ಲ ಅದು.

ಬೇಟೆಯ ಮಾತಿಗೆ ಬಂದರೆ, ಮಹಾರಾಜರ ಶಿಕಾರಿಯ ಛಾಯಾಚಿತ್ರಗಳು ನಮ್ಮ ಕಣ್ಣಿಗೆ ಕಟ್ಟಿವೆ. ಹೊಲದಂಚಿನ ಉರುಳಿಗೆ ಛಾಯಾಚಿತ್ರವಿಲ್ಲ. ಕಾಡಿನ ಗಡಿಯವರೆಗೆ ಬೆಳೆ ಬಂದರೆ ಜಿಂಕೆ ಬೆಳೆಗೆ ಬರುತ್ತದೆ, ಅದರ ಹಿಂದೆ ಉರುಳೂ ಬರುತ್ತದೆ. ಅಟ್ಟಣೆಯ ಮೇಲೆ ರಾತ್ರಿಯಿಡೀ ಕಾದು ಬೆಳಗಾಗುವಷ್ಟರಲ್ಲಿ ಸಾಲು ಕಳೆದುಕೊಂಡವನಿಗೆ ಕಾಯಿದೆಯ ಕಲಮು ಓದಿ ಹೇಳುವುದು ಸುಲಭ. ಆ ಕೃತ್ಯವನ್ನು ನಾನು ಸಮರ್ಥಿಸುವುದಿಲ್ಲ, ಆದರೆ ಅವನನ್ನು ಕಳ್ಳಬೇಟೆಯ ವ್ಯಾಪಾರಿಯ ಸಾಲಿನಲ್ಲಿ ನಿಲ್ಲಿಸಲು ಮನಸ್ಸೊಪ್ಪದು. ದನಗಾಹಿಯನ್ನು ದೂರುವುದಂತೂ ಇನ್ನೂ ಅನ್ಯಾಯ. ಬ್ರೆಜಿಲಿನ ಹಿಮದ ಸುದ್ದಿ ಅವನಿಗೆಲ್ಲಿಂದ ತಿಳಿಯಬೇಕು?

ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ ಪ್ರವಾಸಕ್ಕೆ ಹೊರಟಾಗ, ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆಬದಿಯಲ್ಲಿ ಒಣಸಗಣಿ ತುಂಬುತ್ತಿದ್ದ ಲಾರಿಯನ್ನು ಕಂಡು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ಇಷ್ಟೊಂದು ಗೊಬ್ಬರ ಎಲ್ಲಿಗೆ ಹೋಗ್ತದೆ?" "ಹೊಲಕ್ಕೆ, ಇನ್ನೆಲ್ಲಿಗೆ? ಜಿಂಕೆ ಕಾಣ್ತದೇನೋ ಆ ಕಡೆ ನೋಡು" ಎಂದು ಗದರಿದೆ. ಅವನು ಇದನ್ನು ಓದುತ್ತಿದ್ದರೆ, ಉತ್ತರ ಇದು: ವಯನಾಡಿಗೆ ಹೋಗುತ್ತಿತ್ತಪ್ಪ, ಕಾಫಿ ಗಿಡದ ಬುಡಕ್ಕೆ.