ಕೈಗೆ ಪಾಠ ಹೇಳಿದ ಶಾಲೆ

1919ನೆಯ ಇಸವಿಯಲ್ಲಿ ಎರಡು ಕಲಾಶಾಲೆಗಳು ಹುಟ್ಟಿದುವು. ಒಂದು ಶಾಂತಿನಿಕೇತನದ ಕಲಾಭವನ. ಇನ್ನೊಂದು ಜರ್ಮನಿಯ ವೈಮಾರ್ ನಗರದ ಬೌಹೌಸ್. ಮೊದಲನೆಯದರ ಹೆಸರನ್ನು ನಮ್ಮಲ್ಲಿ ಕೇಳದವರು ಕಡಿಮೆ. ಎರಡನೆಯದಾದರೋ ನಮ್ಮ ಮನೆಯೊಳಗೇ ಇದ್ದುಕೊಂಡು ನಮಗೆ ಅಪರಿಚಿತವಾಗಿದೆ. ಬಾಗಿಸಿದ ಉಕ್ಕಿನ ಕೊಳವೆಯ ಕುರ್ಚಿ, ಅಲಂಕಾರವಿಲ್ಲದ ಮೇಜಿನ ದೀಪ, ಕೊಂಬು ಕೊನರುಗಳಿಲ್ಲದ ನೇರವಾದ ಅಚ್ಚಿನ ಅಕ್ಷರ - ಇವುಗಳ ವಂಶಾವಳಿಯನ್ನು ಹುಡುಕುತ್ತ ಹೊರಟವರು ಬಹುಮಟ್ಟಿಗೆ ಆ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅದು ಬದುಕಿದ್ದು ಹದಿನಾಲ್ಕೇ ವರ್ಷ. ಅಲ್ಲಿ ಕಲಿತವರು ಸುಮಾರು 1250 ಮಂದಿ. ಅಲ್ಲಿನ ಗುರುಗಳ ಕೀರ್ತಿಯನ್ನು ಕುರಿತು ಗ್ರಂಥಗಳು ಬೇಕಾದಷ್ಟಿವೆ. ಶಿಷ್ಯರು ಏನು ಕಲಿತರು, ಹೇಗೆ ಬಾಳಿದರು, ಕಲಿತದ್ದು ಕೊನೆಗೆ ಯಾವ ಉಪಯೋಗಕ್ಕೆ ಬಂತು ಎಂಬುದೂ ವಿಚಾರಮಾಡಲು ತಕ್ಕ ವಿಷಯವೇ.

ಮೊದಲನೆಯ ಮಹಾಯುದ್ಧ ಮುಗಿದು ಆಗ ಐದು ತಿಂಗಳು ಕೂಡ ತುಂಬಿರಲಿಲ್ಲ. ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ವೈಮಾರಿನ ಚಿತ್ರಕಲಾಶಾಲೆಯನ್ನೂ ಕೈಕಸಬಿನ ಶಾಲೆಯನ್ನೂ ಒಂದುಗೂಡಿಸಿ ಬೌಹೌಸನ್ನು ಸ್ಥಾಪಿಸಿದ. ಕಲಾವಿದನಿಗೂ ಕಸಬುದಾರನಿಗೂ ಮೂಲತಃ ಭೇದವಿಲ್ಲವೆಂಬುದು ಅವನ ಪ್ರಣಾಳಿಕೆಯ ಸಾರ. ಆದುದರಿಂದ ಪ್ರೊಫೆಸರ್, ವಿದ್ಯಾರ್ಥಿ ಎಂಬ ಹೆಸರುಗಳು ಹೋಗಿ, ಹಳೆಯ ಕಾಲದ ಕಸಬಿನ ಸಂಘಗಳಲ್ಲಿ ಇದ್ದಂತೆ ಗುರು, ಪಳಗಿದ ಕೆಲಸಗಾರ, ಹೊಸ ಕಲಿಗ ಎಂಬ ಮೂರು ಮೆಟ್ಟಿಲುಗಳು ಬಂದುವು. ಸೇರಿದ ಹುಡುಗರಲ್ಲಿ ಅನೇಕರು ರಣರಂಗದಿಂದ ನೇರವಾಗಿ ಬಂದವರು. ಬೇರೆ ಬಟ್ಟೆಯಿಲ್ಲದೆ ಸೈನ್ಯದ ಹಳೆಯ ಕೋಟನ್ನೇ ತೊಟ್ಟು ಪಾಠಕ್ಕೆ ಬರುತ್ತಿದ್ದವರು. ಊರಿನಲ್ಲಿ ಅನ್ನಕ್ಕೆ ತತ್ವಾರ. ಶಾಲೆ ತನ್ನದೇ ಅಡಿಗೆಮನೆಯನ್ನು ನಡೆಸಿ, ಕಾಯಿಪಲ್ಯ ಬೆಳೆದು ಅವರ ಹೊಟ್ಟೆಗೆ ಒಂದಿಷ್ಟು ಆಸರೆಯಾಯಿತು.

ಹೀಗೆ ಬಂದವರಿಗೆ ಮೊದಲು ಎದುರಾಗುತ್ತಿದ್ದುದು ಆರು ತಿಂಗಳ ಪ್ರಾರಂಭಿಕ ತರಗತಿ. ಅದರಲ್ಲಿ ತೇರ್ಗಡೆಯಾಗದವರಿಗೆ ಮುಂದಿನ ಬಾಗಿಲು ತೆರೆಯುತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ಇದನ್ನು ನಡೆಸಿದವನು ಯೋಹಾನೆಸ್ ಇಟೆನ್ ಎಂಬ ಸ್ವಿಸ್ ಕಲಾವಿದ. ಹಿಂದೆ ಚಿಕ್ಕ ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಕುಂಚ ಹಿಡಿಯುವುದಕ್ಕೆ ಮೊದಲು ಶಿಷ್ಯರು ಅಂಗಸಾಧನೆ ಮಾಡಬೇಕು, ಉಸಿರನ್ನು ಹದಕ್ಕೆ ತರಬೇಕು. ಬಳಿಕ ಮರ, ಗಾಜು, ತೊಗಟೆ, ಉಣ್ಣೆಗಳನ್ನು ಮುಟ್ಟಿ ನೋಡಿ ಒರಟು ಯಾವುದು, ನಯ ಯಾವುದು ಎಂಬುದನ್ನು ಬೆರಳಿನಿಂದ ಅರಿತು ಆಮೇಲೆ ಬರೆಯಬೇಕು. ಬೇರೆ ಶಾಲೆಗಳಲ್ಲಿ ಕಲಿತುಬಂದ ಜಾಣತನವನ್ನೆಲ್ಲ ಮರೆಯಿಸುವುದೇ ಅವನ ಉದ್ದೇಶವಾಗಿತ್ತು. ಇಟೆನ್ನನಲ್ಲಿ ವಿಚಿತ್ರಗಳೂ ಇದ್ದುವು. ಅವನ ಪಂಥಕ್ಕೆ ಸೇರಿದ ಹುಡುಗರು ತಲೆ ಬೋಳಿಸಿಕೊಂಡು, ಉಪವಾಸ ಮಾಡಿ, ಬೆಳ್ಳುಳ್ಳಿಯ ಪಥ್ಯ ಹಿಡಿದಿದ್ದರು. ಗ್ರೋಪಿಯಸ್ಸನಿಗೂ ಅವನಿಗೂ ಸರಿಬೀಳಲಿಲ್ಲ. 1923ರಲ್ಲಿ ಇಟೆನ್ ಶಾಲೆಯನ್ನು ಬಿಟ್ಟ.

ಇದೇ ತರಗತಿಯನ್ನು ಮುಂದೆ ನಡೆಸಿದವರಲ್ಲಿ ಒಬ್ಬ ಯೋಸೆಫ್ ಆಲ್ಬರ್ಸ್. ಅಲ್ಲಿಯೇ ಕಲಿತು ಅಲ್ಲಿಯೇ ಗುರುವಾದವನು. ಅವನ ಪಾಠದ ರೀತಿಯನ್ನು ಶಿಷ್ಯನೊಬ್ಬ ಬರೆದಿಟ್ಟಿದ್ದಾನೆ. ಆಲ್ಬರ್ಸ್ ಒಂದು ಕಟ್ಟು ವೃತ್ತಪತ್ರಿಕೆ ತಂದು ಎಲ್ಲರಿಗೂ ಹಂಚಿದ. ನಾವು ಬಡವರು, ಪದಾರ್ಥವನ್ನಾಗಲಿ ಕಾಲವನ್ನಾಗಲಿ ಹಾಳುಮಾಡುವಂತಿಲ್ಲ. ಈ ಕಾಗದದಿಂದ ಏನನ್ನಾದರೂ ಮಾಡಿ, ಸಾಧ್ಯವಾದರೆ ಕತ್ತರಿ ಅಂಟುಗಳ ಸಹಾಯವಿಲ್ಲದೆ ಮಾಡಿ - ಇಷ್ಟು ಹೇಳಿ ಹೊರಟುಹೋದ. ಹಿಂತಿರುಗಿ ಬಂದಾಗ ಮೇಜಿನ ತುಂಬ ಕೋಟೆ, ದೋಣಿ, ವಿಮಾನ, ಮುಖವಾಡ, ಪ್ರಾಣಿಗಳು! ಇವು ಶಿಶುವಿಹಾರದ ಆಟಿಕೆಗಳು, ಬೇರೆ ಪದಾರ್ಥದಿಂದ ಇನ್ನೂ ಚೆನ್ನಾಗಿ ಮಾಡಬಹುದಾಗಿತ್ತು ಎಂದುಬಿಟ್ಟ. ಒಬ್ಬ ಹಂಗೇರಿಯ ಹುಡುಗ ಮಾತ್ರ ಕಾಗದವನ್ನು ಉದ್ದಕ್ಕೆ ಮಡಿಸಿ, ಮಡಿಸುವ ತೆರೆಯ ಹಾಗೆ ನಿಲ್ಲಿಸಿದ್ದ. ಆಲ್ಬರ್ಸ್ ಅದನ್ನು ಎತ್ತಿ ತೋರಿಸಿದ. ಮಲಗುವುದು ಕಾಗದದ ಸ್ವಭಾವ. ಒಂದು ಮಡಿಕೆ ಬಿದ್ದರೆ ಅದೇ ಕಾಗದ ಎದ್ದು ನಿಲ್ಲುತ್ತದೆ. ಆ ಗುಣವನ್ನು ಕಂಡುಕೊಳ್ಳುವುದೇ ಅಂದಿನ ಪಾಠ. ಪದಾರ್ಥದ ಮೇಲೆ ತನ್ನ ಇಚ್ಛೆಯನ್ನು ಹೇರದೆ ಅದರ ಮಾತನ್ನು ಕೇಳುವ ವಿನಯವೇ ಆ ಶಾಲೆಯ ವ್ಯಾಕರಣವೆಂದರೆ ತಪ್ಪಾಗದು.

ಅನಂತರ ಮರಗೆಲಸ, ಲೋಹ, ಕುಂಬಾರಿಕೆ, ಮಗ್ಗ, ಮುದ್ರಣ ಮುಂತಾದ ಕಾರ್ಯಾಗಾರಗಳಲ್ಲಿ ಮೂರು ವರ್ಷದ ದುಡಿಮೆ. ವೈಮಾರಿನಲ್ಲಿ ಒಂದೊಂದು ಕಾರ್ಯಾಗಾರಕ್ಕೂ ಇಬ್ಬರು ಗುರುಗಳು: ರೂಪದ ವಿಷಯಕ್ಕೆ ಒಬ್ಬ ಕಲಾವಿದ, ಕೈಕೆಲಸಕ್ಕೆ ಒಬ್ಬ ಕಸಬುದಾರ. ಪೌಲ್ ಕ್ಲೇ, ವಾಸಿಲಿ ಕಾಂಡಿನ್ಸ್ಕಿಯವರಂಥ ಚಿತ್ರಕಾರರು ರೇಖೆ ವರ್ಣಗಳ ತತ್ತ್ವವನ್ನು ಬೋಧಿಸುತ್ತಿದ್ದರು. 1922ರ ಡಿಸೆಂಬರಿನಲ್ಲಿ ಇವರಿಬ್ಬರ ಮತ್ತು ಬೌಹೌಸಿನ ಇತರರ ಚಿತ್ರಗಳು ಕಲ್ಕತ್ತೆಗೆ ಬಂದು, ಅವನೀಂದ್ರನಾಥ, ಗಗನೇಂದ್ರನಾಥ ಠಾಕೂರರ ಚಿತ್ರಗಳ ಜೊತೆಯಲ್ಲಿ ಪ್ರದರ್ಶಿತವಾದುವೆಂಬುದನ್ನು ನಾವು ನೆನೆಯಬೇಕು. ಅದರ ಮರುವರ್ಷ ಜರ್ಮನಿಯ ಹಣ ಮಣ್ಣಾಯಿತು. ಹರ್ಬರ್ಟ್ ಬೇಯರ್ ಎಂಬ ವಿದ್ಯಾರ್ಥಿಗೆ ಸಿಕ್ಕಿದ ಕೆಲಸ ಹತ್ತು ಲಕ್ಷ ಮಾರ್ಕಿನ ನೋಟಿನ ವಿನ್ಯಾಸ!

ಶಾಲೆಯ ಆದರ್ಶಕ್ಕೂ ನಡತೆಗೂ ಅಂತರ ಕಂಡದ್ದು ಹೆಣ್ಣುಮಕ್ಕಳ ವಿಷಯದಲ್ಲಿ. ಪ್ರವೇಶಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಪ್ರಣಾಳಿಕೆ ಸಾರಿತ್ತು. ಮೊದಲ ವರ್ಷದಲ್ಲೇ ಹುಡುಗರಷ್ಟೇ ಸಂಖ್ಯೆಯಲ್ಲಿ ಹುಡುಗಿಯರು ಬಂದುಬಿಟ್ಟಾಗ ಗುರುಮಂಡಲಿಗೆ ದಿಗಿಲಾಯಿತು. ಹೆಚ್ಚಿನವರನ್ನು ಮಗ್ಗದ ಕಡೆಗೆ ತಿರುಗಿಸಿದರು. ಆ ಮಗ್ಗವೇ ಶಾಲೆಗೆ ಹಣ ತಂದ ಕಾರ್ಯಾಗಾರಗಳಲ್ಲಿ ಒಂದಾದದ್ದು ಬೇರೆ ಮಾತು. ಅಲ್ಲಿ ಕಲಿತ ಗುಂಟಾ ಷ್ಟೋಲ್ಟ್ಸ್ಲ್ 1927ರಲ್ಲಿ ಅದರ ಮುಖ್ಯಸ್ಥೆಯಾದಳು. ಆನಿ ಆಲ್ಬರ್ಸ್ ಒಲ್ಲದ ಮನಸ್ಸಿನಿಂದ ಮಗ್ಗಕ್ಕೆ ಕುಳಿತು, ಬೆಳಕನ್ನು ಹಿಂದಕ್ಕೆ ಚೆಲ್ಲುವ, ಸದ್ದನ್ನು ಹೀರುವ ಗೋಡೆಬಟ್ಟೆಯನ್ನು ನೇಯ್ದಳು. ಲೋಹದ ಕಾರ್ಯಾಗಾರಕ್ಕೆ ನುಗ್ಗಿದವಳು ಮರಿಯಾನೆ ಬ್ರಾಂಟ್. ಹೆಣ್ಣಿಗೆ ಇಲ್ಲೇನು ಕೆಲಸವೆಂದು ಗಂಡುಹುಡುಗರು ಅವಳಿಗೆ ಬೇಸರ ಹುಟ್ಟಿಸುವ ಚಿಲ್ಲರೆ ಕೆಲಸಗಳನ್ನೇ ಕೊಡುತ್ತಿದ್ದರು; ಲೋಹದ ತಗಡನ್ನು ಬಡಿದು ಪುಟ್ಟ ಪುಟ್ಟ ಅರ್ಧಗೋಳ ಮಾಡುತ್ತ ಕೂಡಬೇಕಾಗಿತ್ತು. ಅವಳು 1924ರಲ್ಲಿ ಮಾಡಿದ ಚಹದ ಪಾತ್ರೆ ಇಂದು ವಸ್ತುಸಂಗ್ರಹಾಲಯಗಳ ನಿಧಿ. 1928ರಲ್ಲಿ ಆ ಕಾರ್ಯಾಗಾರದ ಹೊಣೆಯೇ ಅವಳ ಪಾಲಿಗೆ ಬಂತು.

ವೈಮಾರಿನ ಸರ್ಕಾರ ಅನುದಾನವನ್ನು ಅರ್ಧಕ್ಕೆ ಇಳಿಸಿದ ಕಾರಣ 1925ರಲ್ಲಿ ಶಾಲೆ ಡೆಸಾವ್ ನಗರಕ್ಕೆ ಗುಳೆ ಎದ್ದಿತು. ಮರುವರ್ಷದ ಕೊನೆಯಲ್ಲಿ ಗ್ರೋಪಿಯಸ್ಸನ ಗಾಜಿನ ಗೋಡೆಯ ಹೊಸ ಕಟ್ಟಡ ತೆರೆಯಿತು. ಶಿಷ್ಯರಿಗಾಗಿ ಅದರಲ್ಲಿ 28 ಕೋಣೆಗಳಿದ್ದುವು. ಬೇಸರ ಬಂದವರಿಗೆ ನಾಟಕರಂಗವಿತ್ತು, ಅವರದೇ ವಾದ್ಯಗೋಷ್ಠಿಯಿತ್ತು. ಗಾಳಿಪಟದ ಹಬ್ಬ, ದೀಪದ ಹಬ್ಬಗಳು ವೈಮಾರಿನಿಂದಲೂ ಬಂದ ವಾಡಿಕೆ. 1929ರ ಲೋಹದ ಹಬ್ಬಕ್ಕೆ ಬಂದ ಅತಿಥಿಗಳು ಜಾರುಬಂಡೆಯ ಮೇಲೆ ಜಾರಿ ಒಳಕ್ಕೆ ಪ್ರವೇಶಿಸಬೇಕಾಗಿತ್ತು! ಹಗಲೆಲ್ಲ ಕಾರ್ಯಾಗಾರದಲ್ಲಿ ಬೆವರು ಸುರಿಸಿದವರು ಹಬ್ಬದ ಅಲಂಕಾರವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು.

ಈ ನಗೆ ಬಹುಕಾಲ ಉಳಿಯಲಿಲ್ಲ. 1932ರಲ್ಲಿ ನಾಟ್ಸಿಗಳ ಪ್ರಾಬಲ್ಯವಿದ್ದ ಡೆಸಾವ್ ನಗರಸಭೆ ಶಾಲೆಯನ್ನು ಮುಚ್ಚಿಸಿತು. ಕೊನೆಯ ನಿರ್ದೇಶಕ ಮೀಸ್ ವಾನ್ ಡೆರ್ ರೋ ಅದನ್ನು ಬರ್ಲಿನ್ನಿನ ಒಂದು ಪಾಳುಬಿದ್ದ ಟೆಲಿಫೋನ್ ಕಾರ್ಖಾನೆಗೆ ಸಾಗಿಸಿದ. 1933ರ ಏಪ್ರಿಲ್ 11ರಂದು ಪೋಲೀಸರು ಬಂದು ಶೋಧಿಸಿ, ವಿದ್ಯಾರ್ಥಿಗಳನ್ನು ಹಿಡಿದೊಯ್ದರು. ಜುಲೈ ತಿಂಗಳಲ್ಲಿ ಗುರುಗಳೇ ಕೂಡಿ ಶಾಲೆಯನ್ನು ವಿಸರ್ಜಿಸಿದರು.

ನಿಜವಾದ ಪರೀಕ್ಷೆ ನಡೆದದ್ದು ಇದಾದ ಮೇಲೆ. ಡೆಸಾವಿನಲ್ಲಿ ಓದಿದ ಫ್ರಾನ್ಸ್ ಏರ್ಲಿಕ್ ಕಮ್ಯೂನಿಸ್ಟನೆಂದು ಸೆರೆಯಾಗಿ 1937ರಲ್ಲಿ ಬೂಕೆನ್‌ವಾಲ್ಡ್ ಶಿಬಿರಕ್ಕೆ ಹೋದ. ಶಿಬಿರದ ಕಬ್ಬಿಣದ ಬಾಗಿಲಿಗೆ ‘ಅವರವರಿಗೆ ಅವರವರದು’ ಎಂಬರ್ಥದ ಕ್ರೂರ ವಾಕ್ಯವೊಂದನ್ನು ರೂಪಿಸಿಕೊಡೆಂದು ಅಧಿಕಾರಿಗಳು ಅವನಿಗೆ ಆಜ್ಞೆಮಾಡಿದರು. ಅವನು ತನ್ನ ಗುರುಗಳು ಕಲಿಸಿದ, ನಾಟ್ಸಿಗಳು ಹಳಿದಿದ್ದ ಅದೇ ಬೌಹೌಸ್ ಅಕ್ಷರಗಳಲ್ಲಿ ಅದನ್ನು ಬರೆದ. ಪಹರೆಯವರಿಗೆ ಅದು ತಿಳಿಯಲೇ ಇಲ್ಲ. ಅವನ ಸಹಪಾಠಿಯೇ ಆಗಿದ್ದ ಫ್ರಿಟ್ಸ್ ಎರ್ಟ್ಲ್ 1940ರಿಂದ ಆಷ್ವಿಟ್ಸ್ ಶಿಬಿರದ ಕಟ್ಟಡ ಕಚೇರಿಯಲ್ಲಿ ಕುಳಿತು ನಕ್ಷೆ ಬರೆದ. ಇಬ್ಬರಿಗೂ ಪಾಠ ಒಂದೇ, ಶಾಲೆ ಒಂದೇ.

ಇಟೆನ್ನನ ಶಿಷ್ಯೆ ಫ್ರೀಡ್ಲ್ ಡಿಕರಳ ಕಥೆ ಮೂರನೆಯದು. ಯೆಹೂದ್ಯಳಾದ ಅವಳನ್ನು 1942ರ ಡಿಸೆಂಬರಿನಲ್ಲಿ ಟೆರೆಜೀನ್ ಬಂದಿವಾಸಕ್ಕೆ ಸಾಗಿಸಿದರು. ಕೊಂಡೊಯ್ಯಲು ಬಿಟ್ಟ ಅಲ್ಪ ಸಾಮಾನಿನಲ್ಲಿ ಅವಳು ಚಿತ್ರಸಾಮಗ್ರಿಗೆ ಜಾಗ ಮಾಡಿದಳು. ತಾಯಿತಂದೆಯರಿಂದ ಬೇರೆಯಾದ ನೂರಾರು ಮಕ್ಕಳಿಗೆ ಅಲ್ಲಿ ವೈಮಾರಿನ ಪಾಠವನ್ನೇ ಹೇಳಿಕೊಟ್ಟಳು: ಲಯ, ವಸ್ತುವಿನ ಸ್ಪರ್ಶ, ಬಣ್ಣಗಳ ವಿರೋಧ. ಹೊಸ ಕಾಗದ ದುರ್ಲಭವಾದುದರಿಂದ ಬಳಸಿ ಬಿಸುಟ ಕಾಗದದ ಮೇಲೆಯೇ ಬರೆಯಿಸಿದಳು. ಅಲ್ಲಿ ಮನುಷ್ಯರೆಂದರೆ ಅಂಕಿಗಳು. ಇವಳು ಪ್ರತಿಯೊಂದು ಮಗುವಿನಿಂದಲೂ ಚಿತ್ರದ ಕೆಳಗೆ ಸ್ವಂತ ಹೆಸರನ್ನು ಬರೆಯಿಸಿದಳು. 1944ರ ಅಕ್ಟೋಬರಿನಲ್ಲಿ ಅವಳು ಆಷ್ವಿಟ್ಸ್‌ಗೆ ಹೋದಳು. ಅಲ್ಲಿ ಅವಳ ಕೊಲೆಯಾಯಿತು. ಮಕ್ಕಳಲ್ಲಿಯೂ ಬಹುಪಾಲು ಉಳಿಯಲಿಲ್ಲ. ಬಚ್ಚಿಟ್ಟಿದ್ದ ಎರಡು ಪೆಟ್ಟಿಗೆಗಳಲ್ಲಿ ಸುಮಾರು 4500 ಚಿತ್ರಗಳು ಉಳಿದುವು. ಅವು ಈಗ ಪ್ರಾಗ್ ನಗರದ ಯೆಹೂದಿ ವಸ್ತುಸಂಗ್ರಹಾಲಯದಲ್ಲಿವೆ.

ಕಠಿಣವಾದ ಶಿಕ್ಷಣ ಕೈಯನ್ನು ಪಳಗಿಸುತ್ತದೆ, ಕಣ್ಣನ್ನು ಚುರುಕುಗೊಳಿಸುತ್ತದೆ. ಆ ಕೈ ಯಾರ ಪರವಾಗಿ ದುಡಿಯಬೇಕೆಂಬುದನ್ನು ಯಾವ ಕಾರ್ಯಾಗಾರವೂ ಕಲಿಸಲಾರದು ಎಂದು ಎರ್ಟ್ಲನ ನಕ್ಷೆಗಳನ್ನು ನೋಡಿದವರು ಹೇಳಬಹುದು. ಆ ಮಾತು ದಿಟವೇ. ಆದರೆ ಟೆರೆಜೀನಿನಲ್ಲಿ ಊಟಕ್ಕೂ ಗತಿಯಿಲ್ಲದ ಕಾಲದಲ್ಲಿ ಒಬ್ಬ ಹೆಂಗಸಿಗೆ ಮಕ್ಕಳಿಗೆ ಕೊಡಲು ಏನೋ ಇತ್ತಲ್ಲ. ಅದನ್ನು ಅವಳು ಪಡೆದದ್ದು ಹಸಿದ ಹುಡುಗರು ಹಳೆಯ ಕೋಟು ತೊಟ್ಟು ಮರದ ತೊಗಟೆಯನ್ನು ಮುಟ್ಟಿ ನೋಡುತ್ತಿದ್ದ ಆ ತರಗತಿಯಲ್ಲಿ. ಒಂದು ಶಾಲೆಯ ಲೆಕ್ಕವನ್ನು ಬರೆಯುವಾಗ ಕುರ್ಚಿ ದೀಪಗಳ ಜೊತೆಗೆ ಈ 4500 ಹಾಳೆಗಳನ್ನೂ ಸೇರಿಸಬೇಕು.